ಸಸ್ಯಸಾರದಿಂದ ಕರುಳಿನ ಕ್ಯಾನ್ಸರ್ ಕೋಶ ಸಾಯುತ್ತದೆ ಅಂತಾರಲ್ಲ, ಅದನ್ನು ಅಮ್ಮನಿಗೆ ಕೊಡಬಹುದಾ?

ಮುಂಜಾವು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದವಿದೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 63 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್, ಲಿವರ್‌ನಲ್ಲೂ ಎರಡು ಕಡೆ ಕಾಣಿಸಿಕೊಂಡಿದೆ. ಆಪರೇಷನ್ ಆಗಿ ಈಗ ಕೀಮೋ ನಡೀತಿದೆ. ಎರಡು ವಾರಕ್ಕೊಮ್ಮೆ ಡ್ರಿಪ್ ಹಾಕಿಸಿಕೊಂಡು, ಸೊಂಟಕ್ಕೆ ಒಂದು ಪುಟ್ಟ ಪಂಪ್ ಕಟ್ಟಿಸಿಕೊಂಡು ಮನೆಗೆ ಬರುತ್ತಾಳೆ. 46 ಗಂಟೆ ಅದು ಮೈಗೆ ಅಂಟಿಕೊಂಡೇ ಇರಬೇಕು. ಮಲಗುವಾಗಲೂ ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಾಳೆ. ನಾಲ್ಕು ಸೈಕಲ್ ಮುಗಿದಿವೆ.

ಹೋದ ವಾರ ಚಿಕ್ಕಪ್ಪ ಒಂದು ಡಬ್ಬಿ ಕ್ಯಾಪ್ಸೂಲ್ ತಂದುಕೊಟ್ಟರು. ಆರೇಳು ಗಿಡಗಳ ಸಾರ ಸೇರಿಸಿದ್ದು. ಜೊತೆಗೆ ಒಂದು ಸುದ್ದಿ ತುಣುಕು: ಸಸ್ಯದ ಅಂಶವೊಂದು ಕರುಳಿನ ಕ್ಯಾನ್ಸರ್ ಕೋಶಗಳು ತಾವಾಗಿಯೇ ಸಾಯುವಂತೆ ಮಾಡಿತು ಅಂತ. ಸುಳ್ಳಿರಬೇಕು ಅಂದುಕೊಂಡು ಹುಡುಕಿದೆ. ಸುಳ್ಳಲ್ಲ! ಅಂಥ ಸಂಶೋಧನಾ ಲೇಖನಗಳು ಲೆಕ್ಕವಿಲ್ಲದಷ್ಟು ಇವೆ. ರಾತ್ರಿ ಎರಡು ಗಂಟೆಯವರೆಗೆ ಓದಿದೆ, ಅರ್ಧ ಅರ್ಥವಾಗಲಿಲ್ಲ.

ನಿಜವಾಗಿ ಸಾಯುತ್ತವೆ ಅಂತಾದರೆ ಡಾಕ್ಟರು ಇದನ್ನು ಯಾಕೆ ಬರೆದುಕೊಡುವುದಿಲ್ಲ? ಕೀಮೋ ಜೊತೆಗೆ ಇದನ್ನೂ ಕೊಟ್ಟರೆ ಏನಾದರೂ ತೊಂದರೆಯಾ? ಡಬ್ಬಿಯನ್ನು ಬೀರುವಿನಲ್ಲಿಟ್ಟಿದ್ದೇನೆ. ಅಮ್ಮ ದಿನಕ್ಕೆರಡು ಸಲ ಅದನ್ನೇ ಕೇಳುತ್ತಾಳೆ.

ಐದನೇ ವರ್ಷ

ನನಗೂ ಇದೇ ಕಾಯಿಲೆ ಇತ್ತು, ಈಗ ಐದನೇ ವರ್ಷ ನಡೀತಿದೆ. ನಿಮ್ಮ ತಾಯಿ ಆ ಡಬ್ಬಿಯನ್ನು ಯಾಕೆ ಕೇಳುತ್ತಾರೆ ಅಂತ ನನಗೆ ಗೊತ್ತು. ಡ್ರಿಪ್ ಬೇರೆಯವರು ಹಾಕುವುದು, ಪಂಪ್ ಬೇರೆಯವರು ಕಟ್ಟುವುದು. ನಾವೇ ಕೈಯಾರೆ ಮಾಡಿಕೊಳ್ಳುವುದು ಏನಾದರೂ ಒಂದು ಇರಲಿ ಅನ್ನಿಸುತ್ತದೆ. ದಯವಿಟ್ಟು ಬೈಯಬೇಡಿ. ಆದರೆ ಡಾಕ್ಟರಿಗೆ ಹೇಳುವ ಮುಂಚೆ ಒಂದು ಕ್ಯಾಪ್ಸೂಲನ್ನೂ ಕೊಡಬೇಡಿ.

ಪೆಟ್ರಿ ತಟ್ಟೆ

ಮುಂಜಾವು ಅವರೇ, ನಾನು ಒಂಬತ್ತು ವರ್ಷದಿಂದ ಲ್ಯಾಬಿನಲ್ಲಿ ಕರುಳಿನ ಕ್ಯಾನ್ಸರ್ ಕೋಶಗಳನ್ನು ಬೆಳೆಸಿ, ಅವುಗಳ ಮೇಲೆ ಸಸ್ಯಗಳ ಸಂಯುಕ್ತಗಳನ್ನು ಹಾಕಿ ನೋಡುವ ಕೆಲಸದಲ್ಲಿದ್ದೇನೆ. ಡಾಕ್ಟರ್ ಅಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಹೌದು, ಸಾಯುತ್ತವೆ, ನಾನೇ ಕಣ್ಣಾರೆ ಕಂಡಿದ್ದೇನೆ. ಹೇಗೆ, ಎಲ್ಲಿ, ಎಷ್ಟು ಹಾಕಿದಾಗ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ವಿಷಯವೆಲ್ಲ ಅಲ್ಲೇ ಇದೆ.

ದೊಡ್ಡ ಕರುಳಿನ ಒಳಪದರದ ತುಂಬ ಪುಟ್ಟ ಪುಟ್ಟ ಬಾವಿಗಳಂಥ ಗುಳಿಗಳಿರುತ್ತವೆ. ಗುಳಿಯ ತಳದಲ್ಲಿ ಹುಟ್ಟಿದ ಕೋಶ ನಿಧಾನವಾಗಿ ಮೇಲಕ್ಕೆ ಜರುಗುತ್ತ ಬಂದು, ನಾಲ್ಕೈದು ದಿನದಲ್ಲಿ ಅಂಚಿನ ಹತ್ತಿರ ಕಳಚಿಕೊಂಡು ಸಾಯುತ್ತದೆ. ನಾವು ಆರೋಗ್ಯವಾಗಿರುವುದೇ ಹೀಗೆ ಅವು ಹೊತ್ತಿಗೆ ಸರಿಯಾಗಿ ಸಾಯುವುದರಿಂದ. ಈ ಬಗೆಯ ಸಾವಿಗೆ 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ವಿಜ್ಞಾನಿಗಳು ಅಪೊಪ್ಟೋಸಿಸ್ ಅಂತ ಹೆಸರಿಟ್ಟರು. ಮರದಿಂದ ಎಲೆ ಉದುರುವುದಕ್ಕೆ ಗ್ರೀಕ್ ಭಾಷೆಯಲ್ಲಿದ್ದ ಪದ ಅದು. ಹಣ್ಣೆಲೆ ಉದುರಿದರೆ ಮರಕ್ಕೆ ಗಾಯವಾಗುವುದಿಲ್ಲ. ಹಾಗೆಯೇ ಈ ಸಾವಿನಲ್ಲಿ ಕೋಶ ಒಡೆದು ಸುತ್ತಮುತ್ತ ಚೆಲ್ಲುವುದಿಲ್ಲ, ಉರಿಯೂತ ಎಬ್ಬಿಸುವುದಿಲ್ಲ. ಕುಗ್ಗುತ್ತದೆ, ಚೂರಾಗುತ್ತದೆ, ಅಕ್ಕಪಕ್ಕದ ಕೋಶಗಳು ಆ ಚೂರುಗಳನ್ನು ನುಂಗಿಕೊಳ್ಳುತ್ತವೆ.

ಕ್ಯಾನ್ಸರ್‌ನಲ್ಲಿ ಈ ಉದುರುವಿಕೆ ಕೈಕೊಡುತ್ತದೆ. ಕರುಳಿನ ಗಡ್ಡೆಗಳ ಪೈಕಿ ಬಹುಪಾಲಿನಲ್ಲಿ, ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಎಪಿಸಿ ಎಂಬ ಜೀನ್ ಮೊದಲೇ ಕೆಟ್ಟಿರುತ್ತದೆ. ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಪಿ53 ಕೂಡ ಕೆಟ್ಟಿರುತ್ತದೆ. ಡಿಎನ್‌ಎಗೆ ರಿಪೇರಿಯಾಗದಂಥ ಪೆಟ್ಟು ಬಿದ್ದಾಗ ಕೋಶವನ್ನು ಸಾವಿನ ದಾರಿಗೆ ಹಚ್ಚುವ ಪ್ರೊಟೀನ್ ಈ ಪಿ53. ಅದು ಇಲ್ಲದ ಕೋಶ ಹಾಳಾದರೂ ಎಷ್ಟೋ ಸಲ ಬದುಕಿ ಉಳಿಯುತ್ತದೆ.

ಆದರೆ ಸಾಯುವ ಯಂತ್ರ ಕೋಶದೊಳಗೆ ಇನ್ನೂ ಇದೆ. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಹೊರಪೊರೆಯಲ್ಲಿ ಬ್ಯಾಕ್ಸ್, ಬ್ಯಾಕ್ ಎಂಬ ಪ್ರೊಟೀನುಗಳು ತೂತು ಕೊರೆದರೆ, ಒಳಗಿದ್ದ ಸೈಟೊಕ್ರೋಮ್ ಸಿ ಹೊರಕ್ಕೆ ಸೋರುತ್ತದೆ. ಅಲ್ಲಿಂದ ಕ್ಯಾಸ್ಪೇಸ್-9 ಎಚ್ಚರವಾಗಿ ಕ್ಯಾಸ್ಪೇಸ್-3 ಅನ್ನು ಎಬ್ಬಿಸುತ್ತದೆ. ಕ್ಯಾಸ್ಪೇಸ್-3 ಅಂದರೆ ಕತ್ತರಿ, ನೂರಾರು ಪ್ರೊಟೀನುಗಳನ್ನು ಕತ್ತರಿಸಿ ಹಾಕುತ್ತದೆ. ಕೋಶಕ್ಕೆ ಶಕ್ತಿ ಒದಗಿಸಲು ಹಗಲಿರುಳು ದುಡಿಯುವ ಸೈಟೊಕ್ರೋಮ್ ಸಿ, ತನ್ನ ಜಾಗ ಬಿಟ್ಟು ಹೊರಬಿದ್ದರೆ ಸಾವಿನ ಸುದ್ದಿಯಾಗುತ್ತದೆ. ಇದನ್ನು 1996ರಲ್ಲಿ ಶಿಯಾವೊಡಾಂಗ್ ವಾಂಗ್ ಅವರ ತಂಡ ತೋರಿಸಿಕೊಟ್ಟಿತು. ಪಾಠದಲ್ಲಿ ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ. ಇನ್ನೊಂದು ದಾರಿ ಹೊರಗಿನಿಂದ ಬರುತ್ತದೆ. ಕೋಶದ ಮೈಮೇಲಿನ ಡಿಆರ್5 ಥರದ ಗ್ರಾಹಕಗಳಿಗೆ ಟ್ರೇಲ್ ಎಂಬ ಪ್ರೊಟೀನ್ ಬಂದು ಕೂತರೆ ಕ್ಯಾಸ್ಪೇಸ್-8 ಮೂಲಕ ಅದೇ ಕತ್ತರಿ ಏಳುತ್ತದೆ.

ಅರಿಶಿನದ ಕರ್ಕ್ಯುಮಿನ್, ಬ್ರೊಕೊಲಿಯ ಸಲ್ಫೊರಾಫೇನ್, ಹಲವು ಸಸ್ಯಗಳಲ್ಲಿರುವ ಕ್ವೆರ್ಸೆಟಿನ್, ದ್ರಾಕ್ಷಿಯ ರೆಸ್ವೆರಟ್ರಾಲ್ ಎಲ್ಲವೂ ಈ ಯಂತ್ರವನ್ನು ಒಂದಲ್ಲ ಒಂದು ಕಡೆ ಮುಟ್ಟುತ್ತವೆ. ಮೈಟೊಕಾಂಡ್ರಿಯದ ಮೇಲೆ ಒತ್ತಡ ಹಾಕುವುದು, ಸಾವನ್ನು ತಡೆದು ನಿಲ್ಲಿಸುವ ಬಿಸಿಎಲ್-2 ಗುಂಪಿನ ಪ್ರೊಟೀನುಗಳನ್ನು ತಗ್ಗಿಸುವುದು, ಡಿಆರ್5 ಹೆಚ್ಚಿಸುವುದು, ಹೀಗೆ. ನೀವು ಓದಿದ ಲೇಖನಗಳಲ್ಲಿ ಇದೇ ಇರುತ್ತದೆ, ಹೆಸರು ಮಾತ್ರ ಬೇರೆ ಬೇರೆ.

ಬರೀ ಮೈಕ್ರೋಸ್ಕೋಪಿನಲ್ಲೇ ನೋಡಿದರೂ ತಿಳಿಯುತ್ತದೆ. ಹಿಂದಿನ ದಿನ ತಟ್ಟೆಯ ತಳಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿದ್ದ ಎಚ್‌ಸಿಟಿ-116 ಕೋಶಗಳು (ನಾವು ಲ್ಯಾಬಿನಲ್ಲಿ ಬೆಳೆಸುವ ಕರುಳಿನ ಕ್ಯಾನ್ಸರ್ ಕೋಶಗಳ ಒಂದು ಬಗೆ) ಮಾರನೇ ಬೆಳಿಗ್ಗೆ ದುಂಡಗಾಗಿರುತ್ತವೆ. ಮೈಮೇಲೆಲ್ಲ ಗುಳ್ಳೆ ಎದ್ದು, ಕುದಿಯುತ್ತಿರುವ ಹಾಗೆ ಕಾಣುತ್ತದೆ. ತಟ್ಟೆಯನ್ನು ಸ್ವಲ್ಪ ಅಲುಗಾಡಿಸಿದರೆ ಬಿಟ್ಟುಕೊಂಡು ತೇಲುತ್ತವೆ.

ತೊಂದರೆ ಶುರುವಾಗುವುದು ಇಲ್ಲಿ. ತಟ್ಟೆಯಲ್ಲಿ ಕರ್ಕ್ಯುಮಿನ್ ಹಾಕುವಾಗ ಸಾಮಾನ್ಯವಾಗಿ ಹತ್ತು, ಇಪ್ಪತ್ತು, ಐವತ್ತು ಮೈಕ್ರೊಮೋಲಾರ್ ಸಾಂದ್ರತೆಯಲ್ಲಿ ಹಾಕುತ್ತೇವೆ. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕರುಳಿನ ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ 3.6 ಗ್ರಾಂ ಶುದ್ಧ ಕರ್ಕ್ಯುಮಿನ್ ಬಾಯಿಂದ ಕೊಟ್ಟು, ಒಂದು ಗಂಟೆಯ ನಂತರ ರಕ್ತ ಪರೀಕ್ಷೆ ಮಾಡಿದರು. ಸಿಕ್ಕಿದ್ದು ಸುಮಾರು 11 ನ್ಯಾನೊಮೋಲಾರ್ (ಸಾವಿರ ನ್ಯಾನೊ ಸೇರಿದರೆ ಒಂದು ಮೈಕ್ರೊ). ಇಪ್ಪತ್ತು ಮೈಕ್ರೊಮೋಲಾರ್ ಅಂದರೆ ಅದರ 1800 ಪಟ್ಟು. ತಟ್ಟೆಗೂ ರಕ್ತಕ್ಕೂ ಅಜಗಜಾಂತರ.

ಕರುಳಿನ ವಿಷಯದಲ್ಲಿ ಒಂದು ವಿಶೇಷವಿದೆ, ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ನುಂಗಿದ ಕರ್ಕ್ಯುಮಿನ್‌ನಲ್ಲಿ ರಕ್ತಕ್ಕೆ ಸೇರದೆ ಉಳಿದದ್ದು ಕರುಳಿನಲ್ಲೇ ಸಾಗುತ್ತದಲ್ಲ, ಹಾಗಾಗಿ ಕರುಳಿನ ಒಳಪದರಕ್ಕೆ ಅದು ನೇರವಾಗಿ ತಾಗುತ್ತದೆ. ಆಪರೇಷನ್‌ಗೆ ಮುಂಚೆ ಅದೇ 3.6 ಗ್ರಾಂ ತೆಗೆದುಕೊಂಡವರ ಗಡ್ಡೆಯಲ್ಲಿ ಗ್ರಾಂಗೆ ಸುಮಾರು 7.7 ನ್ಯಾನೊಮೋಲ್ ಸಿಕ್ಕಿತ್ತು, ಅಂದರೆ ಸುಮಾರು 7.7 ಮೈಕ್ರೊಮೋಲಾರ್‌ಗೆ ಸಮ, ಹೆಚ್ಚುಕಡಿಮೆ ಲ್ಯಾಬಿನ ಮಟ್ಟಕ್ಕೆ ಹತ್ತಿರ. ಆದ್ದರಿಂದಲೇ ಸಂಶೋಧಕರು ಕರುಳನ್ನು ಬಿಟ್ಟಿಲ್ಲ. ಆದರೆ ಲಿವರ್‌ಗೆ ಹರಡಿದ ರೋಗಿಗಳಲ್ಲಿ ನೋಡಿದಾಗ ಲಿವರ್‌ನ ಅಂಗಾಂಶದಲ್ಲಿ ಕರ್ಕ್ಯುಮಿನ್ ಸಿಗಲೇ ಇಲ್ಲ. ನಿಮ್ಮ ತಾಯಿಯವರ ಕರುಳಿನ ಗಡ್ಡೆಯನ್ನು ತೆಗೆದಾಗಿದೆ, ಈಗಿನ ಚಿಂತೆ ಲಿವರ್‌ನದು. ಇದನ್ನು ಬರೆಯುವಾಗ ನನಗೂ ಸಂಕಟವಾಗುತ್ತದೆ.

ನಿಧಾನ ಓದುಗ

ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಆದರೂ ನನಗೆ ಒಂದು ಅನುಮಾನ ಹೋಗುವುದಿಲ್ಲ. ಗಿಡದಲ್ಲಿ ಸಿಗುವ ವಸ್ತುವಿಗೆ ಪೇಟೆಂಟ್ ಸಿಗುವುದು ಕಷ್ಟ. ಲಾಭವಿಲ್ಲದ ಕಡೆ ಕಂಪನಿಗಳು ದೊಡ್ಡ ಪ್ರಯೋಗ ಮಾಡುವುದಿಲ್ಲ. ಹಾಗಾಗಿ ಒಳ್ಳೆಯ ಸಸ್ಯಾಂಶಗಳು ತಟ್ಟೆಯಲ್ಲೇ ಉಳಿದುಬಿಡುತ್ತವೆ ಅನ್ನಿಸುವುದಿಲ್ಲವೇ?

ಪೆಟ್ರಿ ತಟ್ಟೆ

ಸರ್, ನಿಮ್ಮ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ದೊಡ್ಡ ಪ್ರಯೋಗಕ್ಕೆ ದುಡ್ಡು ಹುಟ್ಟುವುದು ಕಷ್ಟ ಅನ್ನುವುದು ನಿಜ. ಆದರೆ ಮುಂಜಾವು ಅವರ ತಾಯಿಗೆ ಈಗ ಸಸ್ಯದ ಔಷಧವೇ ಹೋಗುತ್ತಿರಬಹುದು. ಎರಡು ವಾರಕ್ಕೊಮ್ಮೆ, 46 ಗಂಟೆಯ ಪಂಪ್ ಅಂದರಲ್ಲ. ಡ್ರಿಪ್‌ನಲ್ಲಿ ಇರಿನೋಟೆಕಾನ್ ಅಂತ ಹೆಸರಿದೆಯಾ ಫೈಲ್ ನೋಡಿ ಹೇಳಿ.

ಮುಂಜಾವು

ಈಗ ನೋಡಿದೆ. ಹೌದು, ಫೋಲ್‌ಫಿರಿ ಅಂತ ಬರೆದಿದ್ದಾರೆ, ಕೆಳಗೆ ಇರಿನೋಟೆಕಾನ್ ಇದೆ. ಅದು ಗಿಡದ್ದಾ?!

ಪೆಟ್ರಿ ತಟ್ಟೆ

ಹೌದು. ಅದರ ಮೂಲ ಚೀನಾದ ಒಂದು ಮರ, ಕ್ಯಾಂಪ್ಟೊತೀಕಾ ಅಕ್ಯುಮಿನಾಟ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ಸಾವಿರಾರು ಸಸ್ಯಗಳನ್ನು ಸೋಸಿ ನೋಡುತ್ತಿದ್ದ ಕಾಲದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಆ ಮರದಿಂದ ಕ್ಯಾಂಪ್ಟೊಥೆಸಿನ್ ಬೇರ್ಪಡಿಸಿ 1966ರಲ್ಲಿ ಪ್ರಕಟಿಸಿದರು. ಅದು ನೀರಿನಲ್ಲಿ ಕರಗುತ್ತಿರಲಿಲ್ಲ. ಕರಗಲಿ ಅಂತ ಸೋಡಿಯಂ ಲವಣವಾಗಿ ಮಾಡಿ ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಿಂದ ರಕ್ತ ಬರುವಂಥ ತೀವ್ರ ತೊಂದರೆಗಳು ಕಾಣಿಸಿಕೊಂಡವು, 1970ರ ದಶಕದಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು. ಅಲ್ಲಿಗೆ ಆ ಮರದ ಕಥೆ ಮುಗಿಯಬಹುದಿತ್ತು. 1985ರಲ್ಲಿ ಅದು ಕೋಶದೊಳಗೆ ಏನನ್ನು ಹಿಡಿಯುತ್ತದೆ ಅಂತ ಪತ್ತೆಯಾಯಿತು: ಟೊಪೊಐಸೊಮರೇಸ್-1 ಎಂಬ ಕಿಣ್ವ. ಡಿಎನ್‌ಎ ನಕಲಾಗುವಾಗ ಹುರಿ ಬಿಗಿಯಾದಂತೆ ಬಿಗಿದುಕೊಳ್ಳುತ್ತದೆ. ಈ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ಹುರಿ ಬಿಚ್ಚಿ, ಮತ್ತೆ ಜೋಡಿಸುತ್ತದೆ. ಕತ್ತರಿಸಿದ ಮೇಲೆ ಜೋಡಿಸಲು ಬಿಡದ ಹಾಗೆ ಕ್ಯಾಂಪ್ಟೊಥೆಸಿನ್ ಮಧ್ಯೆ ಬಂದು ಕೂರುತ್ತದೆ. ನಕಲಿಸುವ ಯಂತ್ರ ಆ ಕಡಿದ ಜಾಗಕ್ಕೆ ಬಂದು ಡಿಕ್ಕಿ ಹೊಡೆದಾಗ ಎಳೆಗಳು ಪೂರಾ ತುಂಡಾಗುತ್ತವೆ, ಕೋಶ ಸಾಯುತ್ತದೆ.

ಗುರಿ ಯಾವುದು ಅಂತ ತಿಳಿದ ಮೇಲೆ ಅಣುವನ್ನು ತಿದ್ದಿ, ನೀರಿನಲ್ಲಿ ಕರಗುವಂತೆ ಮಾಡಿ, ಪ್ರಮಾಣ ಗೊತ್ತುಮಾಡಿ, 1996ರಲ್ಲಿ ಅಮೆರಿಕದಲ್ಲಿ ಕರುಳಿನ ಕ್ಯಾನ್ಸರ್‌ಗೆ ಇರಿನೋಟೆಕಾನ್ ಅನುಮತಿ ಪಡೆಯಿತು. 1966ರಿಂದ ಲೆಕ್ಕ ಹಾಕಿದರೆ ಮೂವತ್ತು ವರ್ಷ.

ಇನ್ನೊಂದು ಮಾತು ಹೇಳದೆ ಇರಲಾರೆ. ಆ ಮರಕ್ಕೂ ಟೊಪೊಐಸೊಮರೇಸ್-1 ಇದೆ, ಹಾಗಾದರೆ ತನ್ನ ವಿಷಕ್ಕೆ ತಾನೇ ಯಾಕೆ ಸಾಯುವುದಿಲ್ಲ? ಮರದ ಕಿಣ್ವದಲ್ಲಿ ಒಂದು ಅಮೈನೊ ಆಮ್ಲ, ಅಂದರೆ ಪ್ರೊಟೀನ್ ಸರಪಳಿಯ ಒಂದು ಕೊಂಡಿ, ಬದಲಾಗಿದೆ, ಮನುಷ್ಯರ ಕಿಣ್ವದ 722ನೇ ಜಾಗಕ್ಕೆ ಸಮನಾದ ಕಡೆ. ಈ ಔಷಧಕ್ಕೆ ಬಗ್ಗದೆ ಉಳಿದ ಮನುಷ್ಯರ ರಕ್ತಕ್ಯಾನ್ಸರ್ ಕೋಶಗಳಲ್ಲೂ ಅದೇ ಜಾಗದಲ್ಲಿ ಅದೇ ಬದಲಾವಣೆ ಸಿಕ್ಕಿದೆ. ಮರ ಕಂಡುಕೊಂಡ ಉಪಾಯವನ್ನೇ ಕ್ಯಾನ್ಸರ್ ಕೋಶವೂ ಕಂಡುಕೊಂಡಿತು.

ಸಸ್ಯದ ಅಂಶ ಅಂದರೆ ಸೌಮ್ಯ ಅಂತ ಯಾರಾದರೂ ಅಂದರೆ ನಾನು ಈ ಔಷಧದ ಹೆಸರು ಹೇಳುತ್ತೇನೆ.

ಔಷಧ ಪಾಳಿ

ನಾನು ಫಾರ್ಮಸಿಸ್ಟ್, ಕೀಮೋ ವಿಭಾಗದಲ್ಲಿ ಔಷಧ ಬೆರೆಸುವ ಕೆಲಸ. ಮುಂಜಾವು ಅವರ ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಇರಿನೋಟೆಕಾನ್ ಮೈಯೊಳಗೆ ಹೋಗಿ ಎಸ್‌ಎನ್-38 ಆಗಿ ಬದಲಾಗುತ್ತದೆ, ನಿಜವಾದ ಕೆಲಸ ಮಾಡುವುದು ಅದು. ಕೆಲಸ ಮುಗಿದ ಮೇಲೆ ಲಿವರ್‌ನ ಯುಜಿಟಿ1ಎ1 ಕಿಣ್ವ ಅದನ್ನು ಕಟ್ಟಿಹಾಕಿ ಪಿತ್ತದ ಮೂಲಕ ಕರುಳಿಗೆ ಕಳಿಸುತ್ತದೆ. ಕರುಳಿನ ಬ್ಯಾಕ್ಟೀರಿಯಗಳು ಆ ಕಟ್ಟನ್ನು ಮತ್ತೆ ಬಿಚ್ಚುತ್ತವೆ, ಆಗ ಬೇಧಿ ಶುರುವಾಗುತ್ತದೆ. ಮೂಲ ಔಷಧದ ಒಂದು ಭಾಗವನ್ನು ಸಿವೈಪಿ3ಎ4 ಎಂಬ ಇನ್ನೊಂದು ಕಿಣ್ವ ಬೇರೆ ದಾರಿಗೆ ಎಳೆದುಕೊಂಡು ಹೋಗುತ್ತದೆ. ಇಷ್ಟು ಕಡೆ ತಿರುವು ಇರುವ ಔಷಧ ಇದು. ಡಬ್ಬಿಯಲ್ಲಿರುವ ಆರೇಳು ಗಿಡಗಳಲ್ಲಿ ಯಾವುದು ಯಾವ ತಿರುವಿನಲ್ಲಿ ಕೈಹಾಕುತ್ತದೆ ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ.

ಒಂದು ಗಿಡದ್ದು ಪರೀಕ್ಷೆಯಾಗಿದೆ. ಸೇಂಟ್ ಜಾನ್ಸ್ ವರ್ಟ್, ಮನಸ್ಸಿನ ಬೇಸರಕ್ಕೆ ಅಂತ ಹಲವರು ತಾವೇ ಕೊಂಡು ತೆಗೆದುಕೊಳ್ಳುವ ಸಸ್ಯಸಾರ. 2002ರ ಅಧ್ಯಯನವೊಂದರಲ್ಲಿ ಇರಿನೋಟೆಕಾನ್ ಜೊತೆಗೆ ಅದನ್ನು ಕೊಟ್ಟಾಗ ರಕ್ತದಲ್ಲಿ ಎಸ್‌ಎನ್-38 ಶೇ. 42ರಷ್ಟು ಇಳಿದುಹೋಯಿತು. ಸಣ್ಣ ಅಧ್ಯಯನವೇ, ಆದರೆ ಅದರ ಅರ್ಥ ಯೋಚಿಸಿ. ರೋಗಿಗೆ ಸುಸ್ತು, ಸೂಜಿ, ಓಡಾಟ ಎಲ್ಲ ಪೂರ್ತಿ. ಔಷಧ ಮಾತ್ರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಉಲ್ಟಾ ಕೂಡ ಆಗಬಹುದು. ಕರ್ಕ್ಯುಮಿನ್ ಮಾತ್ರೆಗಳಿಗೆ ಕರಿಮೆಣಸಿನ ಪೈಪರಿನ್ ಸೇರಿಸುವುದು ಅದು ರಕ್ತಕ್ಕೆ ಹೆಚ್ಚು ಸೇರಲಿ ಅಂತ. ಪೈಪರಿನ್ ಆ ಕೆಲಸ ಮಾಡುವುದೇ ಔಷಧಗಳನ್ನು ಒಡೆಯುವ ಕಿಣ್ವಗಳನ್ನು ತಡೆದು. ಬೇರೆ ಔಷಧಕ್ಕೂ ಅದೇ ಗತಿಯಾದರೆ ಔಷಧ ಹೆಚ್ಚಾಗಿ, ಬಿಳಿ ರಕ್ತಕಣ ಕುಸಿಯಬಹುದು. ಅರಿಶಿನದ ಸಾರದ ಮಾತ್ರೆಗಳಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳೂ ವರದಿಯಾಗಿವೆ. ಡಬ್ಬಿಯ ಹಿಂದಿನ ಪಟ್ಟಿಯ ಫೋಟೊ ತೆಗೆದು ಡಾಕ್ಟರಿಗೆ ತೋರಿಸಿ. ಡಬ್ಬಿಯನ್ನೇ ತೆಗೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಹಲವರು ಹೇಳುವುದೇ ಇಲ್ಲ, ಬೈಯುತ್ತಾರೆ ಅಂತ ಹೆದರಿಕೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಒಬ್ಬ ಅಜ್ಜಿ ಮೂರು ತಿಂಗಳು ಇಂಥದ್ದನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಡ್ರಿಪ್ ಹಾಕುವ ಮುಂಚೆ ನುಂಗುತ್ತಿದ್ದರು. ಲಿವರ್ ಪರೀಕ್ಷೆ ಯಾಕೆ ಏರುಪೇರಾಗುತ್ತಿದೆ ಅಂತ ನಮಗೆ ತಲೆಬುಡ ತಿಳಿಯುತ್ತಿರಲಿಲ್ಲ. ನಾವು ಯಾರೂ ಅವರನ್ನು ಕೇಳಿರಲಿಲ್ಲ, ಅದು ನಮ್ಮ ತಪ್ಪು. ಅಂದಿನಿಂದ ಪ್ರತಿಯೊಬ್ಬರನ್ನೂ ನಾನೇ ಕೇಳುತ್ತೇನೆ.

ನಿಧಾನ ಓದುಗ

ಇರಿನೋಟೆಕಾನ್ ಸಂಗತಿ ನನಗೆ ಗೊತ್ತಿರಲಿಲ್ಲ. ನನ್ನ ಮಾತನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಬಾಯಿಂದ ತೆಗೆದುಕೊಂಡ ಸಸ್ಯಾಂಶ ಮನುಷ್ಯರ ಕರುಳಲ್ಲಿ ಏನೂ ಮಾಡಿದ್ದೇ ಇಲ್ಲವೇ? ಬರ್ಬೆರಿನ್ ಬಗ್ಗೆ ಎಲ್ಲೋ ಓದಿದ ನೆನಪು.

ಪೆಟ್ರಿ ತಟ್ಟೆ

ಸರಿಯಾಗಿ ನೆನಪಿಟ್ಟಿದ್ದೀರಿ. ಚೀನಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗ. ಕರುಳಿನಿಂದ ಅಡಿನೋಮ, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಪುಟ್ಟ ಗಂಟು, ತೆಗೆಸಿಕೊಂಡವರಿಗೆ 0.3 ಗ್ರಾಂ ಬರ್ಬೆರಿನ್ ದಿನಕ್ಕೆರಡು ಸಲ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಗಂಟು ಮತ್ತೆ ಬಂದದ್ದು ಬರ್ಬೆರಿನ್ ಗುಂಪಿನಲ್ಲಿ ಶೇ. 36, ಇನ್ನೊಂದರಲ್ಲಿ ಶೇ. 47. ಇದು ಗೌರವ ಕೊಡಬೇಕಾದ ಫಲಿತಾಂಶ. ಆದರೆ ಗಂಟು ಮರಳಿ ಬರದಂತೆ ತಡೆಯುವುದು ಒಂದು, ಬೆಳೆದು ಹರಡಿದ ಕ್ಯಾನ್ಸರನ್ನು ಕೊಲ್ಲುವುದು ಬೇರೆಯೇ.

ಕರ್ಕ್ಯುಮಿನ್‌ಗೆ ಇಂಥ ಪರೀಕ್ಷೆಯಲ್ಲಿ ಅದೃಷ್ಟವಿರಲಿಲ್ಲ. ವಂಶಪಾರಂಪರ್ಯವಾಗಿ ಕರುಳಿನ ತುಂಬ ಪಾಲಿಪ್, ಅಂದರೆ ಇಂಥ ಗಂಟುಗಳು, ಬರುವ 44 ರೋಗಿಗಳಲ್ಲಿ ದಿನಕ್ಕೆ 3 ಗ್ರಾಂನಂತೆ ಒಂದು ವರ್ಷ ಕೊಟ್ಟು ನೋಡಿದರು. 2018ರಲ್ಲಿ ಬಂದ ವರದಿಯಲ್ಲಿ ಪಾಲಿಪ್‌ಗಳ ಸಂಖ್ಯೆಯಲ್ಲಾಗಲೀ ಗಾತ್ರದಲ್ಲಾಗಲೀ ವ್ಯತ್ಯಾಸವಿರಲಿಲ್ಲ.

ತಟ್ಟೆಯ ಪ್ರಯೋಗವನ್ನೇ ನಂಬುವುದಾದರೂ ಎಚ್ಚರ ಬೇಕು. ಎಷ್ಟು ಕೋಶ ಬದುಕಿವೆ ಅಂತ ನೋಡಲು ಎಂಟಿಟಿ ಎಂಬ ಹಳದಿ ಬಣ್ಣ ಹಾಕುತ್ತೇವೆ. ಬದುಕಿದ ಕೋಶ ಅದನ್ನು ನೇರಳೆ ಹರಳಾಗಿ ಬದಲಿಸುತ್ತದೆ. ಆದರೆ ಹಲವು ಸಸ್ಯಾಂಶಗಳು ಕೋಶವೇ ಇಲ್ಲದಿದ್ದರೂ ಅದನ್ನು ನೇರಳೆ ಮಾಡಿಬಿಡುತ್ತವೆ. ಟೀ ಎಲೆಯ ಇಜಿಸಿಜಿ ಇನ್ನೊಂದು ರೀತಿ: ಕೋಶ ಬೆಳೆಸುವ ದ್ರಾವಣದಲ್ಲಿ ತಾನೇ ಆಕ್ಸಿಡೀಕರಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಕೋಶ ಸಾಯುವುದು ಎಷ್ಟೋ ಸಲ ಆ ಪೆರಾಕ್ಸೈಡ್‌ನಿಂದ. ನಾನು ಕಲಿಯುತ್ತಿದ್ದ ಮೊದಲ ವರ್ಷ ಒಂದು ಸಸ್ಯಾಂಶದಿಂದ ಅದ್ಭುತ ಫಲಿತಾಂಶ ಬಂತು ಅಂತ ಹಿಗ್ಗಿ ಹೀರೇಕಾಯಿಯಾಗಿದ್ದೆ. ನಮ್ಮ ಮೇಡಂ ಒಂದೇ ಮಾತು ಕೇಳಿದರು, "ಕ್ಯಾಟಲೇಸ್ ಹಾಕಿ ನೋಡಿದೆಯಾ?" ಕ್ಯಾಟಲೇಸ್ ಪೆರಾಕ್ಸೈಡನ್ನು ಒಡೆಯುವ ಕಿಣ್ವ. ಹಾಕಿದೆ. ಮಾರನೇ ಬೆಳಿಗ್ಗೆ ಕೋಶಗಳೆಲ್ಲ ತಳಕ್ಕೆ ಅಂಟಿಕೊಂಡು ಹಾಯಾಗಿ ಬೆಳೆಯುತ್ತಿದ್ದವು. ಎಂಟು ತಿಂಗಳ ಕೆಲಸ ಅಲ್ಲಿಗೆ ಮುಗಿಯಿತು. ಅಂದು ಅತ್ತಿದ್ದೆ, ಈಗ ನನ್ನ ವಿದ್ಯಾರ್ಥಿಗಳಿಗೆ ಮೊದಲು ಹೇಳಿಕೊಡುವುದು ಅದನ್ನೇ.

ಐದನೇ ವರ್ಷ

ನನಗೆ ಡಾಕ್ಟರು ನಾರಿನಂಶ ಒಳ್ಳೆಯದು ಅಂದಿದ್ದರು. ಅದಕ್ಕೂ ಈ ಕೋಶದ ಸಾವಿಗೂ ಸಂಬಂಧ ಇದೆಯಾ ಮೇಡಂ?

ಪೆಟ್ರಿ ತಟ್ಟೆ

ಇದೆ, ನನಗೆ ಬಹಳ ಇಷ್ಟವಾದ ಸಂಗತಿ ಅದು. ಸಸ್ಯದ ನಾರನ್ನು ನಾವು ಜೀರ್ಣಿಸಿಕೊಳ್ಳಲಾರೆವು, ಕರುಳಿನ ಬ್ಯಾಕ್ಟೀರಿಯಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಮಾಡುತ್ತವೆ. ಕರುಳಿನ ಆರೋಗ್ಯವಂತ ಕೋಶಕ್ಕೆ ಅದೇ ಮುಖ್ಯ ಇಂಧನ, ಮೈಟೊಕಾಂಡ್ರಿಯದಲ್ಲಿ ಉರಿಸಿ ಮುಗಿಸುತ್ತದೆ. ಕ್ಯಾನ್ಸರ್ ಕೋಶ ಹೆಚ್ಚಾಗಿ ಗ್ಲುಕೋಸ್ ನೆಚ್ಚಿಕೊಂಡಿರುವುದರಿಂದ ಬ್ಯುಟಿರೇಟ್ ಉರಿಯದೆ ಒಳಗೇ ಕೂಡಿಕೊಳ್ಳುತ್ತದೆ. ಕೂಡಿದ ಬ್ಯುಟಿರೇಟ್ ಜೀನ್‌ಗಳ ನಿಯಂತ್ರಣವನ್ನು ಬದಲಿಸಿ ಬೆಳವಣಿಗೆ ನಿಲ್ಲಿಸುತ್ತದೆ, ಕೋಶವನ್ನು ಸಾವಿನ ಕಡೆ ತಳ್ಳುತ್ತದೆ. ಒಂದೇ ವಸ್ತು ಒಂದಕ್ಕೆ ಊಟ, ಪಕ್ಕದ್ದಕ್ಕೆ ವಿಷ.

ಅದೂ ಅಷ್ಟು ಸರಳವಾಗಿಲ್ಲ. 2000ದಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ, ಕೆಲವೇ ವರ್ಷ ನಾರಿನಂಶ ಹೆಚ್ಚಿಸಿದ್ದರಿಂದ ಪಾಲಿಪ್ ಮರಳಿ ಬರುವುದು ಕಡಿಮೆಯಾಗಲಿಲ್ಲ. ಲಕ್ಷಾಂತರ ಜನರನ್ನು ಬಹುಕಾಲ ಗಮನಿಸಿದ ಅಧ್ಯಯನಗಳಲ್ಲಿ ನಾರು ಹೆಚ್ಚು ತಿನ್ನುವವರಿಗೆ ಅಪಾಯ ಕಡಿಮೆ ಅಂತ ಕಂಡಿದೆ. ನಿಮ್ಮ ಡಾಕ್ಟರು ಹೇಳಿದ್ದನ್ನು ಮುಂದುವರಿಸಿ. ಆದರೆ ಮುಂಜಾವು ಅವರೇ, ಕೀಮೋದಿಂದ ಬೇಧಿ ಆಗುತ್ತಿರುವಾಗ ನಾರು ಎಷ್ಟು ಅನ್ನುವುದನ್ನು ಅಲ್ಲಿನ ಡಯಟೀಷಿಯನ್‌ರನ್ನೇ ಕೇಳಿ, ಇದನ್ನು ಓದಿ ಹೆಚ್ಚಿಸಬೇಡಿ.

ಔಷಧ ಪಾಳಿ

ಒಂದು ಸೇರಿಸುತ್ತೇನೆ, ನಿಮಗಲ್ಲ, ಇದನ್ನು ಓದುವ ಬೇರೆಯವರಿಗೆ. ಕೀಮೋ, ಆಪರೇಷನ್ ಬಿಟ್ಟು ಬರೀ ಪರ್ಯಾಯ ಚಿಕಿತ್ಸೆ ಹಿಡಿದವರನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿದ್ದರು, ದೂರದ ಅಂಗಗಳಿಗೆ ಹರಡದ ಕ್ಯಾನ್ಸರ್ ಇದ್ದವರನ್ನು. 2018ರ ಆ ವರದಿಯಲ್ಲಿ ಕರುಳಿನ ಕ್ಯಾನ್ಸರ್‌ನವರ ಸಾವಿನ ಅಪಾಯ ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಗುಣವಾಗಬಹುದಾಗಿದ್ದ ಕಾಯಿಲೆ ಅದು.

ಮುಂಜಾವು

ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ನಿನ್ನೆ ಐದನೇ ಸೈಕಲ್ ಇತ್ತು. ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಡಾಕ್ಟರು ಬೈಯಲಿಲ್ಲ. ಹಿಂದಿನ ಪಟ್ಟಿಯನ್ನು ಬೆರಳಿಟ್ಟು ಒಂದೊಂದಾಗಿ ಓದಿದರು, ಪೈಪರಿನ್ ಅಂತ ಬಂದ ಕಡೆ ನಿಂತು ಕೆಳಗೆ ಗೆರೆ ಎಳೆದರು. ಕೀಮೋ ಮುಗಿಯುವವರೆಗೆ ಬೇಡ ಅಂತ ಕಡ್ಡಿ ಮುರಿದ ಹಾಗೆ ಹೇಳಿ ಫೈಲಿನಲ್ಲೂ ಬರೆದರು.

ಅಮ್ಮನಿಗೆ ಚೀನಾದ ಮರದ ವಿಷಯ ಹೇಳಿದೆ. ಡ್ರಿಪ್ ಬಾಟಲಿಯನ್ನು ಬಹಳ ಹೊತ್ತು ನೋಡಿದಳು. "ಇದರ ಎಲೆ ಹೇಗಿರುತ್ತೆ?" ಅಂದಳು. ನನ್ನ ಫೋನಿನಲ್ಲಿ ಚಿತ್ರ ತೆಗೆದು ತೋರಿಸಿದೆ. ಅದರ ಕಾಯಿ ಮುಳ್ಳುಚೆಂಡಿನ ಹಾಗೆ ದುಂಡಗಿದೆ, ಅದನ್ನು ದೊಡ್ಡದು ಮಾಡಿ ನರ್ಸ್‌ಗೂ ತೋರಿಸಿದಳು. ಚಿಕ್ಕಪ್ಪನಿಗೆ ಸಂಜೆ ಫೋನ್ ಮಾಡಿ ಅವಳೇ ಹೇಳಿದಳು, ನಾನು ಹೇಳಬೇಕಾಗಲಿಲ್ಲ.

ಔಷಧ ಪಾಳಿಯವರೇ, ಒಂದು ದಿನದ ನಂತರ ಬೇಧಿ ಶುರುವಾದರೆ ತೆಗೆದುಕೊಳ್ಳಲು ಲೊಪೆರಮೈಡ್ ಕೊಟ್ಟಿದ್ದಾರೆ. ಎಷ್ಟು ಸಲ ಆದರೆ ಫೋನ್ ಮಾಡಬೇಕು ಅಂತ ಕೇಳಲು ಮರೆತೆ. ಪಂಪ್ ಬಿಚ್ಚಿಸಲು ನಾಳೆ ಹೋಗುತ್ತೇವೆ, ಆಗ ಕೇಳಿದರೆ ಸಾಕಾ?

ಔಷಧ ಪಾಳಿ

ನಾಳೆವರೆಗೆ ಕಾಯಬೇಡಿ, ಫೈಲಿನ ಮೇಲಿರುವ ನಂಬರಿಗೆ ಈಗಲೇ ಮಾಡಿ ಕೇಳಿಕೊಳ್ಳಿ. ರಾತ್ರಿ ಶುರುವಾದರೆ ಯಾರಿಗೆ ಮಾಡಬೇಕು ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಜ್ವರ ಬಂದರೂ ಅದೇ ನಂಬರು.